ಪಿಕ್ಚರಿನಲ್ಲಿ ಇಲ್ಲದ ಅಮರೇಶ

ಅಮರಮ್ಮನ ಹತ್ತಿರ ಹಿರಿಯ ಮಗನ ಒಂದು ಫೋಟೋ ಕೂಡ ಇರಲಿಲ್ಲ. ತುಂಗಭದ್ರೆಯಲ್ಲಿ ಮುಳುಗಿಹೋದಾಗ ಅಮರೇಶನಿಗೆ ಹತ್ತೊಂಬತ್ತು ವರ್ಷ. ಶಾಲೆಯನ್ನು ಬೇಗ ಬಿಟ್ಟು ಕೂಲಿಗೆ ಹೋದವನು, ಶಾಲೆಯ ಫೋಟೋದಲ್ಲಿ ಇರಲಿಲ್ಲ. ಮದುವೆ ಆಗಿರಲಿಲ್ಲ, ಆ ಫೋಟೋವೂ ಇಲ್ಲ. ಹೆಣ ಸಿಗಲಿಲ್ಲವಾದ್ದರಿಂದ ಕೊನೆಯ ಫೋಟೋ ಎಂಬುದೂ ಇಲ್ಲ. ಮೊದಮೊದಲು ಕಣ್ಣು ಮುಚ್ಚಿದರೆ ಸಾಕು, ಮಗ ಎದುರಿಗೆ ಬಂದು ನಿಲ್ಲುತ್ತಿದ್ದ. ಬರುಬರುತ್ತ ಅವನ ಮುಖದೊಳಗೆ ಕಿರಿಯ ಮಗ ಗೌತಮನ ಮುಖ ಬಂದು ಸೇರಿಕೊಳ್ಳತೊಡಗಿತು. ಈಗ ಮೂಗು ಯಾರದು, ಕಣ್ಣು ಯಾರದು ಎಂದು ಬಿಡಿಸಿ ಹೇಳಲು ಅವಳಿಗೆ ಆಗುತ್ತಿರಲಿಲ್ಲ. ಈ ಮಾತನ್ನು ಅವಳು ಮಗಳು ಮೇಘಾಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ಗೌತಮನ ಕಾದಂಬರಿ ಪಿಕ್ಚರ್ ಆಗುತ್ತದೆ ಎಂದು ತಿಳಿದ ದಿನ ಅವಳು ಕೇಳಿದ ಮೊದಲ ಪ್ರಶ್ನೆ ಅದೇ.

"ಅಮರೇಶನ ಪಾರ್ಟ್ ಮಾಡಾಕ ಯಾರನ್ನ ಹಾಕ್ಯಾರೋ?"

"ಇನ್ನೂ ಹುಡುಕಾಕತ್ತಾರ ಯವ್ವಾ."

"ಅವನಂಗ ಕಾಣಾಂವನ್ನ ಹುಡುಕ್ರಿ ಅಂತ ಹೇಳು. ಎತ್ತರ ಇರಬೇಕು. ಹಣಿ ಸಣ್ಣದು. ನಕ್ಕರ ಒಂದ ಕಡಿ ನಗತಿದ್ದ."

ಗೌತಮ ಹೂಂ ಅಂದ.

ಗೌತಮ ದೇವದುರ್ಗದ ಕಾಲೇಜಿನಲ್ಲಿ ಕನ್ನಡದ ಮೇಷ್ಟ್ರು. ಅವನು ಬರೆದದ್ದು ಒಂದೇ ಕಾದಂಬರಿ, 'ಆಚೆ ದಂಡೆ'. ಅಮರೇಶ ಇದ್ದಾಗ ಅವರ ಮನೆ ಇದ್ದದ್ದು ಹೊಳೆಯ ದಂಡೆಯ ಚೀಕಲಪರ್ವಿಯಲ್ಲಿ. ತಂದೆ ಹಂಪಯ್ಯ ಜ್ವರದಲ್ಲಿ ತೀರಿಕೊಂಡ ಮೇಲೆ ಅಮರಮ್ಮ ಮತ್ತು ಅಮರೇಶ ದುಡಿದು ಮನೆ ನಡೆಸುತ್ತಿದ್ದರು. ನಾಟಿಯ ದಿನಗಳಲ್ಲಿ ಹೆಣ್ಣುಮಕ್ಕಳು ಹರಿಗೋಲಿನಲ್ಲಿ ಹೊಳೆ ದಾಟಿ ಆಂಧ್ರದ ಗದ್ದೆಗಳಿಗೆ ನೆಲ್ಲು ಹಚ್ಚಲು ಹೋಗುವುದು, ಸಂಜೆ ಮರಳುವುದು. ಆ ಶ್ರಾವಣದಲ್ಲಿ ಹೊಳೆ ತುಂಬಿತ್ತು. ಒಂದು ಸಂಜೆ ಮೊದಲ ಸರತಿಯ ಹೆಣ್ಣುಮಕ್ಕಳನ್ನು ತುಂಬಿಕೊಂಡು ಬಂದ ಹರಿಗೋಲು ಈಚೆ ದಂಡೆಯ ಬಂಡೆಗೆ ಬಡಿದು ಮಗುಚಿತು. ತಾಯಿಯನ್ನು ಕರೆದೊಯ್ಯಲು ಬಂದು ದಂಡೆಯ ಮೇಲೆ ನಿಂತಿದ್ದ ಅಮರೇಶ ನೀರಿಗೆ ಹಾರಿದ. ಹನ್ನೊಂದು ವರ್ಷದ ಗೌತಮ ಅವನು ಬಿಚ್ಚಿಕೊಟ್ಟ ಅಂಗಿ ಹಿಡಿದು ನಿಂತ. ಅಮರೇಶ ಕೆಲವರನ್ನು ಎಳೆದು ತಂದ. ಕಡೆಗೆ ರಾಧಾ ಎಂಬ ಒಂಬತ್ತು ವರ್ಷದ ಕುರುಬರ ಹುಡುಗಿಯನ್ನು ದಂಡೆಗೆ ಹಾಕಿ, ಅವಳ ಸೋದರತ್ತೆ ಮಾನಮ್ಮನನ್ನು ತರಲು ತಿರುಗಿ ಹೋದವನು ಬರಲಿಲ್ಲ.

ಅಮರಮ್ಮ ಎರಡನೇ ಸರತಿಗೆ ಕಾಯುತ್ತ ಆಚೆ ದಂಡೆಯಲ್ಲಿದ್ದಳು. ಅಲ್ಲಿಂದ ಅವಳಿಗೆ ಕಂಡದ್ದು ಕೆಂಪು ನೀರಿನಲ್ಲಿ ಏಳುತ್ತ ಮುಳುಗುತ್ತ ಇದ್ದ ತಲೆಗಳು ಮಾತ್ರ. ಯಾವ ತಲೆ ಯಾರದೆಂದು ಗೊತ್ತಾಗಿರಲಿಲ್ಲ. ಅದರಲ್ಲಿ ಒಂದು ತನ್ನ ಮಗನದು ಎಂದು ಗೊತ್ತಾದದ್ದು ಕತ್ತಲಾದ ಮೇಲೆ, ಬೇರೆ ಹರಿಗೋಲು ಬಂದು ಅವಳನ್ನು ಈಚೆ ತಂದಾಗ.

ತಾಯಿ ಕಾಣದೇ ಹೋದದ್ದನ್ನು ಮಗ ಬರೆದ. ಅವಳಿಗೆ ಓದಲು ಬರುವುದಿಲ್ಲ. ಮಲ್ಲಟದ ಶಾಲೆಯಲ್ಲಿ ಟೀಚರ್ ಆಗಿದ್ದ ಮೇಘಾ ಭಾನುವಾರ ಮಧ್ಯಾಹ್ನ ಅವರು ಈಗಿರುವ ಮಾನ್ವಿಯ ಮನೆಯಲ್ಲಿ, ಬುದ್ಧ ಮತ್ತು ಬಾಬಾಸಾಹೇಬರ ಪಟಗಳ ಕೆಳಗೆ ಕೂತು, ಓದಿ ಹೇಳುತ್ತಿದ್ದಳು. ಗೌತಮ ಅದರಲ್ಲಿ ಹೆಸರು ಬದಲಿಸಿರಲಿಲ್ಲ. ಅಮರೇಶ ಅಮರೇಶನೇ ಆಗಿದ್ದ. ಕಾದಂಬರಿಯ ಅಮರೇಶ ಹಗ್ಗ ಹೊಸೆಯುತ್ತಿದ್ದ, ತಂಗಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದ, ಪುಂಡಿಪಲ್ಯೆಗೆ ಖಾರ ಕಡಿಮೆಯಾದರೆ ತಾಯಿಯ ಜೊತೆ ಜಗಳ ತೆಗೆಯುತ್ತಿದ್ದ. ಹೊಳೆಯ ಅಧ್ಯಾಯ ಬಂದಾಗ ಅಮರಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಳ್ಳುವಳು. ನೀರಿನ ನಡುವೆ ಅಮರೇಶ ಆ ಹುಡುಗಿಯನ್ನು ಹಿಡಿದು, ನಗುತ್ತ, 'ಹೆದರಬ್ಯಾಡ ತಂಗಿ, ನಾ ಅದೀನಿ' ಅನ್ನುತ್ತಾನೆ. ಹುಡುಗಿಯನ್ನು ದಂಡೆಗೆ ಹಾಕುತ್ತಾನೆ.

"ಸಾಕು," ಅನ್ನುವಳು ಅಮರಮ್ಮ. ಮೇಘಾ ಪುಸ್ತಕ ಮುಚ್ಚುವಳು. ಅದರ ಮುಂದಿನ ಪುಟವನ್ನು ತಾಯಿ ಒಮ್ಮೆಯೂ ಓದಗೊಟ್ಟಿರಲಿಲ್ಲ.

*

ಪಿಕ್ಚರ್ ತೆಗೆದವನು ಆನಂದ ಎಂಬ ನಿರ್ದೇಶಕ. ಕೆಟ್ಟವನೇನಲ್ಲ. ಕಾದಂಬರಿಯನ್ನು ರೈಲಿನಲ್ಲಿ ಓದಿ ಅತ್ತವನು, ವಿಳಾಸ ಹುಡುಕಿಕೊಂಡು ದೇವದುರ್ಗಕ್ಕೆ ಬಂದಿದ್ದ. ಒಪ್ಪಿಗೆಯಾದ ಕೆಲವು ತಿಂಗಳ ಮೇಲೆ ಚಿತ್ರಕಥೆ ಹಿಡಿದು ಮತ್ತೆ ಬಂದ. ಗೌತಮನ ಬಾಡಿಗೆ ಮನೆಯ ಹಾಲಿನಲ್ಲಿ ಕೂತು, ಚಹಾ ಕುಡಿಯುತ್ತ, ಬಹಳ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದ.

"ಸರ್, ಪುಸ್ತಕದಲ್ಲಿ ಅಣ್ಣ ತಮ್ಮ ಇಬ್ಬರೂ ಚೆನ್ನಾಗಿದ್ದಾರೆ. ಪರದೆ ಮೇಲೆ ಜನ ಯಾರ ಹಿಂದೆ ಹೋಗಬೇಕು ಹೇಳಿ? ಅಣ್ಣನ ಹಿಂದೆ ಹೋದರೆ ಅವನು ಅರ್ಧಕ್ಕೇ ಸಾಯ್ತಾನೆ. ತಮ್ಮನ ಹಿಂದೆ ಹೋದರೆ ಅವನು ದಡದಲ್ಲಿ ನಿಂತಿರ್ತಾನೆ. ಅದಕ್ಕೇ ಇಬ್ಬರನ್ನೂ ಸೇರಿಸಿ ಒಬ್ಬನನ್ನ ಮಾಡಿದ್ದೀನಿ. ಸೂರ್ಯ ಅಂತ ಹೆಸರು. ಹೊಳೆಗೆ ಹಾರೋನೂ ಅವನೇ, ಆಮೇಲೆ ಓದಿ ಮುಂದೆ ಬರೋನೂ ಅವನೇ."

"ಸತ್ತಾಂವ ನಮ್ಮಣ್ಣ ರೀ," ಅಂದ ಗೌತಮ.

"ಗೊತ್ತು ಸರ್. ಅದಕ್ಕೇ ಉಳಿಸ್ತಿದ್ದೀನಿ."

ಆನಂದ ಹೋದ ಮೇಲೆ ಗೌತಮ ಆ ಹಾಳೆಗಳನ್ನು ಓದಿದ. ಹೊಳೆಯ ದೃಶ್ಯ ಬಂದಲ್ಲಿ ನಿಂತ. ಸೂರ್ಯ ದಂಡೆಯ ಮೇಲಿದ್ದಾನೆ, ಹರಿಗೋಲು ಮಗುಚುತ್ತದೆ, ಸೂರ್ಯ ಹಾರುತ್ತಾನೆ. ಗೌತಮ ಆ ಸಾಲನ್ನು ಮತ್ತೆ ಓದಿದ. ಕಾದಂಬರಿ ಬರೆಯುವಾಗ ಅವನು ಎಲ್ಲವನ್ನೂ ಬರೆದಿದ್ದ. ಅಣ್ಣನ ಅಂಗಿ ಕೈಯಲ್ಲೇ ಉಳಿದದ್ದು, ಕಾಲು ಕೆಸರಿನಲ್ಲಿ ಹೂತು ನಿಂತದ್ದು, ಕೂಗಲೂ ಬಾಯಿ ಬರದೇ ಹೋದದ್ದು. ಇಲ್ಲಿ ಅದ್ಯಾವುದೂ ಇರಲಿಲ್ಲ. ದಂಡೆಯ ಮೇಲೆ ಯಾರೂ ನಿಂತಿರಲಿಲ್ಲ.

ಕಾದಂಬರಿ ಬೇರೆ, ಪಿಕ್ಚರ್ ಬೇರೆ, ಒಂದನ್ನು ತಂದು ಇನ್ನೊಂದರ ತಕ್ಕಡಿಯಲ್ಲಿ ತೂಗಬಾರದು ಎಂದು ಅವನೇ ಹುಡುಗರಿಗೆ ಪಾಠ ಹೇಳುತ್ತಿದ್ದ. ಅದೇ ಪಾಠವನ್ನು ತನಗೂ ಹೇಳಿಕೊಂಡ. ಪುಸ್ತಕ ಇದ್ದ ಹಾಗೆ ಇರುತ್ತದಲ್ಲ, ಅದನ್ನೇನು ಯಾರೂ ಅಳಿಸುವುದಿಲ್ಲ. ಮರುದಿನ ಫೋನ್ ಮಾಡಿ ಆಯಿತು ಅಂದ. ತಾಯಿಗೆ ಹೇಳಬೇಕು ಅಂದುಕೊಂಡು ಮಾನ್ವಿಗೆ ಹೋದಾಗಲೆಲ್ಲ ಅವಳು ಅಮರೇಶನ ಪಾರ್ಟ್ ಮಾಡುವ ಹುಡುಗನ ಸುದ್ದಿ ತೆಗೆಯುವಳು. ಅವನು ಮಾತು ತಿರುಗಿಸುವನು.

*

ಪಿಕ್ಚರ್ ರಾಯಚೂರಿಗೆ ಬಂತು. ಮೊದಲ ಭಾನುವಾರದ ಬೆಳಗಿನ ಆಟಕ್ಕೆ ಮಾನ್ವಿಯ ಓಣಿಯವರು, ಚೀಕಲಪರ್ವಿಯ ಹಳೆಯ ನೆರೆಯವರು ಸೇರಿ ಕ್ರೂಸರ್ ಗಾಡಿ ಮಾಡಿಕೊಂಡು ಹೊರಟರು. ಅಮರಮ್ಮ ಹಸಿರು ದಡಿಯ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಹಿರೇಕೊಟ್ನೆಕಲ್‌ಗೆ ಲಗ್ನವಾಗಿ ಹೋಗಿದ್ದ ರಾಧಾಳಿಗೂ ಮೇಘಾ ಹೇಳಿ ಕಳಿಸಿದ್ದಳು. ಅವಳೂ ಬಂದು ಗಾಡಿಯಲ್ಲಿ ಅಮರಮ್ಮನ ಪಕ್ಕ ಕೂತಳು. ಇಬ್ಬರಿಗೂ ಹೆಚ್ಚು ಬಳಕೆ ಇರಲಿಲ್ಲ. ಎಲ್ಲೋ ಸಂತೆಯಲ್ಲಿ, ಮದುವೆಯಲ್ಲಿ ಎದುರಾದರೆ ರಾಧಾ ಕಾಲಿಗೆ ಬೀಳುವಳು, ಕಣ್ಣಿಗೆ ಕಣ್ಣು ಕೊಡದೆ ಸರಿದುಹೋಗುವಳು.

ಕಲ್ಲೂರು ದಾಟುವಾಗ ಅಮರಮ್ಮ ಮೇಘಾಳ ಕಿವಿಯಲ್ಲಿ ಹೇಳಿದಳು. "ನೋಡು, ಹುಡುಗಿನ ದಂಡಿಗಿ ಹಾಕಿದ ಕೂಡಲೇ ನನ್ನ ಎಬ್ಬಿಸಿ ಹೊರಗ ಕರಕೊಂಡು ನಡಿ. ಮುಂದಿಂದು ನನಗ ಬ್ಯಾಡ."

"ಆತು ಯವ್ವಾ."

ಟಾಕೀಸಿನ ಬಾಗಿಲಲ್ಲಿ ದೇವದುರ್ಗದಿಂದ ಬಂದಿದ್ದ ಗೌತಮ ಸಿಕ್ಕ. ಕಾಲೇಜಿನ ಹುಡುಗರು ಅವನನ್ನು ಸುತ್ತುವರಿದಿದ್ದರು. ತಾಯಿಯನ್ನು ಕಂಡು ಹತ್ತಿರ ಬಂದ, ಏನೋ ಹೇಳಲು ಹೋದ. ಅಷ್ಟರಲ್ಲಿ ಬೆಲ್ ಆಯಿತು.

ಪರದೆಯ ಮೇಲೆ ಹೊಳೆ ಬಂತು. ಅದು ಅವರ ಹೊಳೆ ಅಲ್ಲ. ಎರಡೂ ಕಡೆ ಹಸಿರು ಗುಡ್ಡ, ತಿಳಿ ನೀರು. ಗುಡಿಸಲಿನಲ್ಲಿ ತಾಯಿ ಮಗನಿಗೆ ಊಟಕ್ಕೆ ಬಡಿಸಿದಾಗ ಹಿಂದಿನ ಸಾಲಿನಿಂದ ಯಾರೋ, "ಏ, ಇವರು ರೊಟ್ಟಿ ಬಿಟ್ಟು ಮುದ್ದಿ ಉಣ್ಣಾಕತ್ತಾರಲೇ," ಅಂದರು. ಜನ ನಕ್ಕರು. ಅಮರಮ್ಮನೂ ನಕ್ಕಳು. ಆ ಗುಡಿಸಲಿನಲ್ಲಿ ತಾಯಿ, ಒಬ್ಬ ಮಗ, ಒಬ್ಬ ಮಗಳು. ಅಮರಮ್ಮ ಮೇಘಾಳ ಕಡೆ ಬಾಗಿದಳು.

"ಇಂವ ಗೌತಮ ಏನು?"

ಮೇಘಾಳಿಗೂ ತಿಳಿಯಲಿಲ್ಲ. "ಇರಬೇಕು ಯವ್ವಾ."

"ಅಮರೇಶ ಕೂಲಿಗಿ ಹೋಗ್ಯಾನ. ಈಗ ಬರ್ತಾನ."

ಪರದೆಯ ಹುಡುಗ ಹಗ್ಗ ಹೊಸೆದ. ತಂಗಿಯ ತಲೆಗೆ ಎಣ್ಣೆ ಹಚ್ಚಿದ. ಇನ್ನೊಂದು ದೃಶ್ಯದಲ್ಲಿ ಅದೇ ಹುಡುಗ ಶಾಲೆಯಲ್ಲಿ ಮೊದಲ ನಂಬರ್ ಬಂದ. ಕಾದಂಬರಿಯ ಪುಟಪುಟವೂ ಅವಳಿಗೆ ಬಾಯಿಪಾಠ. ಹಗ್ಗ ಅಮರೇಶನದು, ಎಣ್ಣೆ ಅಮರೇಶನದು, ಮೊದಲ ನಂಬರ್ ಮಾತ್ರ ಗೌತಮನದು. ಏನಾಗಿದೆ ಎಂದು ಅವಳಿಗೆ ಅರ್ಥವಾಯಿತು. ತಿರುಗಿ ಗೌತಮನನ್ನು ಹುಡುಕಿದಳು. ಅವನು ಸಾಲಿನ ತುದಿಯಲ್ಲಿ, ಪರದೆಯನ್ನು ನೋಡದೆ, ತನ್ನ ಅಂಗೈ ನೋಡುತ್ತ ಕೂತಿದ್ದ.

ಅಮರಮ್ಮ ಮಾತ್ರ ಕಾಯುತ್ತಲೇ ಇದ್ದಳು. ಗುಡಿಸಲಿನ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ನೆಟ್ಟಗೆ ಕೂರುವಳು. ಒಮ್ಮೆ ಎತ್ತರದ ಹುಡುಗನೊಬ್ಬ ಹುಲ್ಲಿನ ಹೊರೆ ಹೊತ್ತು ಬಂದ. ಅವಳು ಮೇಘಾಳ ತೊಡೆ ಹಿಡಿದಳು. ಆ ಹುಡುಗ ಹೊರೆ ಇಳಿಸಿ ಹೋದ, ಮತ್ತೆ ಬರಲಿಲ್ಲ.

ಹೊಳೆಯ ದೃಶ್ಯ ಬಂತು. ಹರಿಗೋಲು ಮಗುಚಿತು. ಸೂರ್ಯ ಹಾರಿದ. ಟಾಕೀಸಿನ ತುಂಬ ಸಿಳ್ಳೆ. ಸೂರ್ಯ ಹುಡುಗಿಯನ್ನು ಎದೆಗೆ ಅವಚಿಕೊಂಡು ಈಸಿದ, 'ಹೆದರಬೇಡ, ನಾನಿದೀನಿ' ಅಂದ, ದಂಡೆಗೆ ಹಾಕಿದ. ಹೇಳಿಟ್ಟಿದ್ದ ಹಾಗೆ ಮೇಘಾ ತಾಯಿಯ ತೋಳು ಹಿಡಿದು ಎಬ್ಬಿಸಲು ನೋಡಿದಳು.

"ತಡಿ," ಅಂದಳು ಅಮರಮ್ಮ. "ಅಮರೇಶ ಇನ್ನೂ ಬಂದಿಲ್ಲ."

ಸೂರ್ಯ ತಿರುಗಿ ನೀರಿಗೆ ಹೋದ. ಸಂಗೀತ ನಿಂತಿತು. ನೀರು ಸುಮ್ಮನಾಯಿತು. ಆಮೇಲೆ ಒಂದು ಕೈ ಮೇಲೆದ್ದಿತು. ಮುದುಕಿಯೊಬ್ಬಳನ್ನು ಹೆಗಲಿಗೆ ಹಾಕಿಕೊಂಡು ಅವನು ದಂಡೆ ಹತ್ತಿ ಬಂದ. ಪರದೆಯ ತಾಯಿ ಓಡಿಬಂದು ಅವನನ್ನು ತಬ್ಬಿಕೊಂಡಳು. ಜನ ಎದ್ದುನಿಂತು ಚಪ್ಪಾಳೆ ಹೊಡೆದರು. ಹಿಂದಿನಿಂದ ಯಾರೋ ಅಮರಮ್ಮನ ಬೆನ್ನು ತಟ್ಟಿ, "ಯವ್ವಾ, ಮಗನ್ನ ಹಡದ್ರ ಇಂಥಾವನ್ನ ಹಡೀಬೇಕು ನೋಡು," ಅಂದರು.

ಪಿಕ್ಚರ್ ಮುಗಿಯಿತು, ಲೈಟ್ ಹತ್ತಿದವು, ಜನ ಬಾಗಿಲಿನತ್ತ ನುಗ್ಗಿದರು. ಅಮರಮ್ಮ ಕುರ್ಚಿ ಬಿಟ್ಟು ಏಳಲಿಲ್ಲ.

"ಮೇಘಾ, ನಾ ನಡುವ ಕಣ್ಣು ಮುಚ್ಚಿದ್ದೆನೇನು? ಅಂವ ಬಂದು ಹೋದನೇನು?"

"ಇಲ್ಲವಾ," ಅಂದಳು ಮೇಘಾ. "ಪಿಕ್ಚರ್‌ದಾಗ ಅಮರೇಶ ಇಲ್ಲ."

*

ಗಾಡಿ ಮಾನ್ವಿಗೆ ಮರಳಿತು. ಗೌತಮ ಅದೇ ಗಾಡಿಯಲ್ಲಿ ಹಿಂದೆ ಕೂತು ಬಂದ. ರಾಧಾ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ ಅಂದವಳು ಇಳಿಯದೆ ಮನೆಯತನಕ ಬಂದಳು. ಓಣಿಯವರು ಚದುರಿ ಹೋದ ಮೇಲೆ ಒಳಗೆ ನಾಲ್ವರೇ ಉಳಿದರು. ಮೇಘಾ ಚಹಾ ಮಾಡಿ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

"ನಿನಗ ಮೊದಲೇ ಗೊತ್ತಿತ್ತೇನೋ?" ಅಮರಮ್ಮ ಗೌತಮನನ್ನು ಕೇಳಿದಳು.

"ಗೊತ್ತಿತ್ತು ಯವ್ವಾ."

"ಮತ್ತ ಯಾಕ ಹೇಳಲಿಲ್ಲ? ನಾ ಹೊಸಾ ಸೀರಿ ಉಟಗೊಂಡು ಹೋಗಿದ್ನೆಲ್ಲೋ."

ಮೇಘಾಳಿಗೆ ತಡೆಯಲಾಗಲಿಲ್ಲ. "ಪುಸ್ತಕದಾಗರೆ ಅಂವ ಇದ್ದ. ನೀ ಅವನ್ನ ಪಿಕ್ಚರ್‌ದಾಗೂ ಕಳಕೊಂಡು ಬಂದಿ. ಅವನು ಮಾಡಿದ್ದೆಲ್ಲಾ ನಿನಗ ಬಂತು. ಇನ್ನ ಊರ ಮಂದಿ ನಿನ್ನ ಹೊಗಳ್ತಾರ, ಹೊಗಳಿಸಿಕೋ."

"ಅದಕ್ಕಲ್ಲ ಮೇಘಾ," ಅಂದ ಗೌತಮ. "ಆ ಕತಿಯೊಳಗ ದಂಡಿ ಮ್ಯಾಲ ಯಾರೂ ನಿಂತಿಲ್ಲ. ಅದನ್ನ ಓದಿದಾಗ ನಾನೂ ಜಿಗದೆ ಅನಿಸ್ತು. ಒಮ್ಮೆರೆ ಜಿಗದೆ ಅನಿಸ್ತು ಯವ್ವಾ. ಅಷ್ಟಕ್ಕ ಹೂಂ ಅಂದುಬಿಟ್ಟೆ."

ಅಮರಮ್ಮ ಅವನತ್ತ ತಿರುಗಿದಳು. "ಹುಚ್ಚ. ನೀ ಹನ್ನೊಂದು ವರ್ಷದ ಕೂಸು. ಈಸು ಬರ್ತಿರಲಿಲ್ಲ. ನೀನೂ ಜಿಗದಿದ್ರ ನನಗ ಯಾರು ಉಳೀತಿದ್ರು?"

ಅವನು ಅಳತೊಡಗಿದ. ಅವಳು ಎದ್ದು ಹೋಗಿ ತಲೆ ಸವರಲಿಲ್ಲ. ಅಷ್ಟು ಅವಳಿಂದ ಆಗ ಆಗಲಿಲ್ಲ. ಗೋಡೆಗೆ ಒರಗಿ, "ಪಿಕ್ಚರ್ ಸುಳ್ಳಾತು, ಆಗಲಿ. ಪುಸ್ತಕ ಖರೇ ಅದಲ್ಲ. ಮೇಘಾ, ಇವತ್ತು ಅದನ್ನ ಓದು," ಅಂದಳು.

ಮೇಘಾ ಪುಸ್ತಕ ತಂದು ಹೊಳೆಯ ಅಧ್ಯಾಯ ತೆಗೆದಳು. ಅಮರೇಶ ಹಾರಿದ. ಹುಡುಗಿಯನ್ನು ಹಿಡಿದ. ನಗುತ್ತ, 'ಹೆದರಬ್ಯಾಡ ತಂಗಿ' ಎಂದು ಓದುತ್ತಿದ್ದಂತೆ, ಬಾಗಿಲ ಹತ್ತಿರ ಕೂತಿದ್ದ ರಾಧಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಓದಬ್ಯಾಡ್ರಿ ಅಕ್ಕಾ."

ಮೂವರೂ ಅವಳತ್ತ ನೋಡಿದರು.

"ಪಿಕ್ಚರ್‌ದಾಗಿಂದೂ ಖರೇ ಅಲ್ಲ, ಪುಸ್ತಕದಾಗಿಂದೂ ಖರೇ ಅಲ್ಲ ಯವ್ವಾ. ನಾ ಪುಸ್ತಕ ಓದೀನಿ. ಬಂದು ಹೇಳಬೇಕು ಅಂತ ಎಷ್ಟೋ ಸಲ ಮಾನ್ವಿಗಿ ಬಂದು ತಿರುಗಿ ಹೋಗೀನಿ. ಅಂವ ನಗಲಿಲ್ಲ. ಹೆದರಬ್ಯಾಡ ಅನ್ನಲಿಲ್ಲ."

"ಮತ್ತೇನಂದ?" ಅಮರಮ್ಮ ಕೇಳಿದಳು.

"ಅಳಾಕತ್ತಿದ್ದ ಯವ್ವಾ. ನನಗಿಂತಾ ಹೆಚ್ಚು ಹೆದರಿದ್ದ. ಅವನ ಮೈ ಗಡಗಡ ನಡಗತಿತ್ತು, ನನ್ನ ರಟ್ಟಿ ಹಿಡದ ಕೈ ಸುದ್ದಾ ನಡಗತಿತ್ತು. ದಂಡಿಗಿ ಬರೋತನಕ 'ಯವ್ವಾ, ಯವ್ವಾ' ಅಂತ ನಿನ್ನ ಕರಕೊಂತ ಬಂದ. ನನ್ನ ಹಾಕಿ, ಮುಖ ಒರಸಿಕೊಂಡು, ಅಳಕೋಂತನ ತಿರುಗಿ ಹೋದ."

ದಂಡೆಯ ಮೇಲೆ ನಿಂತಿದ್ದ ಗೌತಮನಿಗೆ ನೀರಿನ ಮೊರೆತದಲ್ಲಿ ಏನೂ ಕೇಳಿಸಿರಲಿಲ್ಲ. ಆ ನಗು, ಆ ಮಾತು ಅವನದೇ ಕಲ್ಪನೆ. ಅಣ್ಣ ಹಾಗೆ ಇದ್ದಿರಬೇಕು ಎಂದು ಬರೆದಿದ್ದ.

ಅಮರಮ್ಮ ತೆವಳುತ್ತ ರಾಧಾಳ ಹತ್ತಿರ ಹೋಗಿ ಅವಳ ಎರಡೂ ರಟ್ಟೆ ಹಿಡಿದಳು. "ನಾ ಆಚಿ ದಂಡಿಗಿದ್ದೆ ಬೇ. ನನಗ ಕೇಳಲಿಲ್ಲ. ಅಂವ ಕರದಾನ, ನನಗ ಕೇಳಲಿಲ್ಲ."

"ಅಷ್ಟು ದೂರ ಹೆಂಗ ಕೇಳ್ತದ ಯವ್ವಾ?"

"ಹೆಂಗ ಕರದ? ಗಿಡ್ಡಕ್ಕ ಕರದನೇನು, ಉದ್ದಕ್ಕ?"

"ಉದ್ದಕ್ಕ. ಕಡಿಗಿ ದನಿ ಎಳೀತಿದ್ದ."

"ಹೌದು," ಅಂದಳು ಅಮರಮ್ಮ. "ಹಸಿವಾದಾಗ ಹಂಗ ಕರೀತಿದ್ದ."

ಅವಳು ಅತ್ತಳು. ಇಷ್ಟು ವರ್ಷ ಪುಸ್ತಕ ಕೇಳುವಾಗ ಅವಳ ಕಣ್ಣಲ್ಲಿ ನೀರಾಡಿದ್ದನ್ನು ಮೇಘಾ ನೋಡಿದ್ದಳು. ಹೀಗೆ ಅತ್ತದ್ದನ್ನು ನೋಡಿರಲಿಲ್ಲ. ನೆಲಕ್ಕೆ ಹಣೆ ಹಚ್ಚಿ, ಉಸಿರು ಸಿಕ್ಕಿಕೊಂಡು, ಹೆಣ ಎದುರಿಗೆ ಇದ್ದವರು ಅಳುವ ಹಾಗೆ ಅತ್ತಳು. ರಾಧಾಳೂ ಅವಳ ಬೆನ್ನ ಮೇಲೆ ತಲೆ ಇಟ್ಟು ಅತ್ತಳು. ಪಕ್ಕದ ಮನೆಯವರು ಬಂದು ಬಾಗಿಲಲ್ಲಿ ನಿಂತು, ಏನಾಯಿತೆಂದು ಕೇಳಲಾರದೆ ಹೊರಟುಹೋದರು.

*

ಪಿಕ್ಚರ್ ರಾಯಚೂರಿನಲ್ಲಿ ಚೆನ್ನಾಗಿ ಓಡಿತು. ದೇವದುರ್ಗದಲ್ಲಿ ಗೌತಮನಿಗೆ ಸನ್ಮಾನ ಇಟ್ಟುಕೊಂಡರು. ಸ್ವಾಗತ ಮಾಡಿದವರು, "ತಮ್ಮ ಪ್ರಾಣ ಲೆಕ್ಕಿಸದೆ ತುಂಬಿದ ಹೊಳೆಗೆ ಹಾರಿದ ನಮ್ಮ ಗುರುಗಳು," ಎಂದೇ ಶುರು ಮಾಡಿದರು. ಗೌತಮ ಎದ್ದು ಮೈಕಿನ ಮುಂದೆ ನಿಂತ.

"ಹಾರಿದವನು ನಾನಲ್ಲ. ನಮ್ಮ ಅಣ್ಣ ಅಮರೇಶ. ಅವನು ತಿರುಗಿ ಬರಲಿಲ್ಲ. ನಾನು ದಂಡೆಯ ಮೇಲೆ ನಿಂತಿದ್ದೆ. ಪುಸ್ತಕದಲ್ಲಿ ಹಾಗೇ ಬರೆದಿದ್ದೇನೆ, ದಯವಿಟ್ಟು ಓದಿರಿ."

ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರಿಗೆ, "ಎಷ್ಟು ವಿನಯ ನೋಡ್ರಿ," ಅಂದರು. ಅದು ವೇದಿಕೆಗೂ ಕೇಳಿಸಿತು. ಚಪ್ಪಾಳೆ ಬಿತ್ತು. ಅವನು ಮತ್ತೆ ಮಾತಾಡಲು ಹೋದ, ಚಪ್ಪಾಳೆ ಜೋರಾಯಿತು. ಹಾರ ಹಾಕಿದರು.

ಕಾದಂಬರಿಗೆ ಬೇಡಿಕೆ ಬಂದು ಹೊಸ ಮುದ್ರಣದ ಮಾತಾಯಿತು. ಪ್ರಕಾಶಕರು ಮುಖಪುಟಕ್ಕೆ ಪಿಕ್ಚರಿನ ಸೂರ್ಯನ ಚಿತ್ರ ಹಾಕೋಣ ಅಂದರು. ಗೌತಮ ಒಪ್ಪಲಿಲ್ಲ. ಆದರೆ ಒಳಗಿನ ಆ ಪುಟವನ್ನು ತಿದ್ದಬೇಕೆಂದು ಅವನಿಗೆ ಅನಿಸಿತ್ತು. ತಾಯಿಯನ್ನು ಕೇಳದೆ ಇನ್ನೊಂದು ಕೆಲಸ ಮಾಡಬಾರದೆಂದು ಮಾನ್ವಿಗೆ ಬಂದ. ಅಮರಮ್ಮ ಅಂಗಳದಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಅವನು ಪಕ್ಕದಲ್ಲಿ ಕೂತ.

"ಯವ್ವಾ, ರಾಧಾ ಹೇಳಿದ್ದನ್ನ ಪುಸ್ತಕದಾಗ ಹಾಕ್ತೀನಿ. ನಾ ಬರದದ್ದು ತಪ್ಪದ. ಅಣ್ಣ ಅಳಕೋಂತ ಹೋದ, ನಿನ್ನ ಕರಕೋಂತ ಹೋದ ಅಂತ ಬರೀತೀನಿ. ಓದಿದವರಿಗಿ ಖರೇ ಗೊತ್ತಾಗಲಿ."

ಅಮರಮ್ಮ ಕೇರುವುದನ್ನು ನಿಲ್ಲಿಸಿದಳು.

"ಬ್ಯಾಡ."

"ಯಾಕವಾ?"

"ಅಂವ ಮಂದಿನ್ನ ಕರದಿಲ್ಲ, ನನ್ನ ಕರದಾನ. ಅದನ್ನ ನನಗ ಬಿಡು."

ಮುದ್ರಣಕ್ಕೆ ಆ ಪುಟ ಇದ್ದ ಹಾಗೆಯೇ ಹೋಯಿತು. ಹೊಸ ಪ್ರತಿಗಳು ಬಂದಾಗ ಮೇಘಾ ಒಂದನ್ನು ತಾಯಿಯ ಕೈಗೆ ಕೊಟ್ಟು, ಓದಲೇ ಎಂದು ಕೇಳಿದಳು. ಅಮರಮ್ಮ ಬೇಡ ಅನ್ನಲಿಲ್ಲ. ಅಮರೇಶ ಪುಂಡಿಪಲ್ಯೆಗೆ ಖಾರ ಸಾಲದೆಂದು ಜಗಳ ತೆಗೆಯುವ ಭಾಗ ಓದಿಸಿಕೊಂಡಳು. ಹೊಳೆಯ ಅಧ್ಯಾಯ ಬರುವ ಮೊದಲೇ ಎದ್ದು, ರಾಧಾ ಬರುತ್ತೇನೆಂದು ಹೇಳಿ ಕಳಿಸಿದ್ದಾಳೆ, ರೊಟ್ಟಿ ಬಡಿಯಬೇಕು ಎಂದು ಒಳಗೆ ಹೋದಳು.